ಐವರ ತಂಡ, ಐದು ವಿಷಯ: ಫೀಲ್ಡ್ ಪ್ರಾಜೆಕ್ಟಿಗೆ ಒಂದು ಪ್ರಶ್ನೆಯನ್ನು ಒಪ್ಪಿಸುವುದು ಹೇಗೆ?

ಡೊಂಬಿವಲಿ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಮುಂಬಯಿ ಲೋಕಲ್ ರೈಲಿನ ಸೆಂಟ್ರಲ್ ಲೈನಿನ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು ನಾನು. ಊರು ಕುಂದಾಪುರದ ಕಡೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ನಮ್ಮಲ್ಲಿಗೆ ಬಂದ ಮೇಲೆ ವಿದ್ಯಾರ್ಥಿಗಳಿಗೆ ಫೀಲ್ಡ್ ಪ್ರಾಜೆಕ್ಟ್ ಎಂಬುದೊಂದು ಬಂದಿದೆ. ಐದು ಜನರ ತಂಡ, ತಂಡಕ್ಕೆ ಒಂದು ಸಂಶೋಧನಾ ಪ್ರಶ್ನೆ, ಒಂದು ವರದಿ, ಕೊನೆಗೆ ಮೌಖಿಕ ಪರೀಕ್ಷೆ. ತಂಡ ಕಟ್ಟಿದ್ದು ಹಾಜರಿ ಪಟ್ಟಿಯ ಕ್ರಮದಲ್ಲಿ. ಹಾಗಾಗಿ ಅವರು ಒಬ್ಬರಿಗೊಬ್ಬರು ಸ್ನೇಹಿತರೂ ಅಲ್ಲ, ವೈರಿಗಳೂ ಅಲ್ಲ.

ಒಂದು ತಂಡದ ಕಥೆ ಹೇಳುತ್ತೇನೆ, ಉಳಿದವೂ ಹೀಗೇ ಇವೆ. ಬದ್ಲಾಪುರದಿಂದ ಬರುವ ಹುಡುಗನಿಗೆ ಲೋಕಲ್ ರೈಲಿನ ನೂಕುನುಗ್ಗಲಿನ ಬಗ್ಗೆ ಮಾಡಬೇಕು. ಐರೋಲಿಯ ಹುಡುಗಿಗೆ ಥಾಣೆ ಖಾಡಿ ಎಂಬ ಕಡಲ ಹಿನ್ನೀರಿನ ಫ್ಲೆಮಿಂಗೊ ಹಕ್ಕಿ ಆಗಬೇಕು. ಕಲ್ಯಾಣದವನ ಸೋದರಮಾವ ವಡಾಪಾವ್ ಗಾಡಿ ಇಟ್ಟಿದ್ದಾರಂತೆ, ಅವನಿಗೆ ಅದೇ. ತಂಡದ ಮುಂದಾಳು ಎಂದು ತನ್ನನ್ನು ತಾನೇ ನೇಮಿಸಿಕೊಂಡ ಹುಡುಗನಿಗೆ 'ಸಾಮಾಜಿಕ ಜಾಲತಾಣ ಮತ್ತು ಯುವಜನರ ಮಾನಸಿಕ ಆರೋಗ್ಯ' ಬೇಕು. ಹಿಂದಿನ ವರ್ಷದವರ ವರದಿ ಅವನ ಮೊಬೈಲಿನಲ್ಲಿ ಸಿದ್ಧವಾಗಿದೆ ಎಂದು ನನ್ನ ಗುಮಾನಿ. ಐದನೆಯವಳು ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಿಂದ ಬಂದ ಹುಡುಗಿ. ತಂಡದ ಮಾತುಕತೆ ಹಿಂದಿ, ಮರಾಠಿಯಲ್ಲಿ ನಡೆಯುತ್ತದೆ, ವರದಿ ಇಂಗ್ಲಿಷಿನಲ್ಲಿ. ಕೇಳಿದಾಗಲೆಲ್ಲ "ಎಲ್ಲರೂ ಹೇಳಿದ್ದೇ ಆಗಲಿ ಸರ್" ಎನ್ನುತ್ತಾಳೆ.

ಕೂತು ಮಾತಾಡಿ ಒಮ್ಮತಕ್ಕೆ ಬನ್ನಿ ಎಂದು ಕಳುಹಿಸಿದೆ. ಮುಖ ಅರಳಿಸಿಕೊಂಡು ಬಂದರು. ಒಪ್ಪಿದ್ದು ಇದನ್ನು: 'ಮುಂಬಯಿ ಮಹಾನಗರದ ಯುವ ರೈಲು ಪ್ರಯಾಣಿಕರಲ್ಲಿ ಫ್ಲೆಮಿಂಗೊ ಸಂರಕ್ಷಣೆ ಹಾಗೂ ಬೀದಿ ಆಹಾರದ ಕುರಿತ ಅರಿವಿನ ಮೇಲೆ ಸಾಮಾಜಿಕ ಜಾಲತಾಣದ ಪ್ರಭಾವ: ಒಂದು ಅಧ್ಯಯನ.' ಯಾರ ಮನಸ್ಸೂ ನೋಯದ ಹಾಗೆ ಎಲ್ಲರದನ್ನೂ ಸೇರಿಸಿದ್ದೇವೆ ಸರ್, ಎಂದರು. ನಾನು ನಗಲೂ ಇಲ್ಲ, ಅಳಲೂ ಇಲ್ಲ.

ಇನ್ನೊಂದು ತಂಡದಲ್ಲಿ ಕೈ ಎತ್ತಿಸಿ ಮತ ಹಾಕಿಸಲಾಯಿತು. ಮೂರಕ್ಕೆ ಎರಡು. ಸೋತ ಇಬ್ಬರು ಅಂದಿನಿಂದ ಸಭೆಗೇ ಬರುತ್ತಿಲ್ಲ. ಮತ್ತೊಂದು ತಂಡ "ನೀವೇ ಹೇಳಿ ಸರ್, ಬರೆದುಕೊಳ್ಳುತ್ತೇವೆ" ಎಂದು ಪೆನ್ನು ತೆರೆದು ಕುಳಿತಿದೆ. ನಾನು ಹೇಳಿದರೆ ಅದು ನನ್ನ ಪ್ರಾಜೆಕ್ಟ್ ಆಗುತ್ತದೆ, ಅವರು ಗುಮಾಸ್ತರಾಗುತ್ತಾರೆ.

ಪುಸ್ತಕದ ಉತ್ತರ ಬೇಡ ಎಂದು ಮೊದಲೇ ಕೋರುತ್ತೇನೆ. ಒಳ್ಳೆಯ ಪ್ರಶ್ನೆ ಎಂದರೆ ಕೈಗೆಟುಕುವಂಥದ್ದು, ಆಸಕ್ತಿ ಹುಟ್ಟಿಸುವಂಥದ್ದು, ಹೊಸದು, ನೀತಿಗೆ ಒಪ್ಪುವಂಥದ್ದು, ಉಪಯೋಗವಿರುವಂಥದ್ದು ಎಂಬ 'ಫೈನರ್' ಸೂತ್ರವನ್ನು ಹಲಗೆಯ ಮೇಲೆ ಬರೆದೇ ತೋರಿಸಿದ್ದೇನೆ. ಮೇಲಿನ ಶೀರ್ಷಿಕೆಗೆ ಅವರು ತಮಗೆ ತಾವೇ ಐದಕ್ಕೆ ಐದು ಅಂಕ ಕೊಟ್ಟುಕೊಂಡರು. ಮಳೆಗಾಲ ನಡೆಯುತ್ತಿದೆ, ದೀಪಾವಳಿ ರಜೆಯ ಒಳಗೆ ವರದಿ ಆಗಬೇಕು. ಅನುಭವ ಇದ್ದವರು ತಿಳಿಸಿ.

ಮಾಟುಂಗಾ 19:

ಮೇಷ್ಟ್ರೇ, ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ? ಇಪ್ಪತ್ತು ಪ್ರಶ್ನೆಗಳನ್ನು ನೀವೇ ಬರೆದು ಚೀಟಿ ಎತ್ತಿಸಿ. ಬಂದದ್ದು ಅವರ ಹಣೆಬರಹ. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು ನಾವು. ನಮ್ಮನ್ನು ಯಾರೂ 'ನಿನಗೆ ಯಾವ ಪ್ರಶ್ನೆ ಇಷ್ಟ ಮಗು' ಎಂದು ಕೇಳಲಿಲ್ಲ. ಕೊಟ್ಟದ್ದನ್ನು ಓದಿದೆವು, ಪಾಸಾದೆವು. ಹತ್ತೊಂಬತ್ತು ವರ್ಷದವರಿಗೆ ಒಮ್ಮತ ಕಲಿಸುವ ಹೊತ್ತಿನಲ್ಲಿ ಎರಡು ಅಧ್ಯಾಯ ಪಾಠವಾದರೂ ಮುಗಿಯುತ್ತದೆ.

ಕೊತ್ರೂಡ್ ಕಾಕು:

ಮಾಟುಂಗಾದ ಅಣ್ಣಾ, ಹೋಟೆಲಿನ ಕೆಲಸ ಮುಗಿಸಿ ರಾತ್ರಿ ಶಾಲೆಗೆ ಓಡಿದ ಹುಡುಗನಿಗೆ ಪ್ರಶ್ನೆಗಳು ಇರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಅವನು ಕೇಳಿಕೊಂಡದ್ದನ್ನೆಲ್ಲ ಬರೆದಿಟ್ಟಿದ್ದರೆ ಇಂದು ನಾಲ್ಕು ಪಿಎಚ್‌ಡಿ ಆಗುತ್ತಿದ್ದವು. ಇರಲಿ.

ಮೇಷ್ಟ್ರೇ, ನಾನು ಧಾರವಾಡದವಳು, ಪುಣೆಯ ಒಂದು ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದವಳು. 1993ರಿಂದ ನಡೆದುಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಹೋಗಬೇಕೆನ್ನುವ ಹುಡುಗರು ಈಗಲೂ ನನ್ನ ಬಳಿ ಬರುತ್ತಾರೆ, ಬೈಸಿಕೊಂಡು ಹೋಗುತ್ತಾರೆ. ನಿಮ್ಮ ಹುಡುಗರ ಶೀರ್ಷಿಕೆ ಓದಿ ನಮ್ಮ ಕಡೆಯ ಕೌದಿ ನೆನಪಾಯಿತು. ಎಲ್ಲರ ಹಳೆಯ ಸೀರೆಯ ಒಂದೊಂದು ತುಂಡು ಅದರಲ್ಲಿ ಇರುತ್ತದೆ. ಹೊದ್ದುಕೊಳ್ಳಲು ಬಹಳ ಚೆನ್ನ.

ಈಗ ನನ್ನ ಮಾತು. ನಿಮ್ಮ ತಂಡದಲ್ಲಿ ಪ್ರಶ್ನೆಯ ಬಗ್ಗೆ ಭಿನ್ನಮತವೇ ಇಲ್ಲ, ಏಕೆಂದರೆ ಇನ್ನೂ ಯಾರ ಕೈಯಲ್ಲೂ ಪ್ರಶ್ನೆ ಇಲ್ಲ. ಇರುವುದು ಐದು ವಿಷಯ. ವಿಷಯದ ಮೇಲೆ ಇರುವುದು ಮಮಕಾರ. ಬದ್ಲಾಪುರದವನಿಗೆ ದಿನಾ ಬೆಳಗ್ಗೆ ಎದೆಗೆ ಬಡಿಯುವ ಮೊಣಕೈ ಗೊತ್ತು, ಐರೋಲಿಯವಳಿಗೆ ಕೆಸರಿನ ಮೇಲೆ ಇಳಿಯುವ ಗುಲಾಬಿ ಹಿಂಡು ಗೊತ್ತು. ಇವೆರಡರಲ್ಲಿ ಯಾವುದು ಹೆಚ್ಚು ಎಂದು ಚರ್ಚೆಗೆ ಬಿಟ್ಟರೆ ದೀಪಾವಳಿ ಏನು, ಯುಗಾದಿಯೂ ಕಳೆದೀತು. ಆದ್ದರಿಂದ ಒಪ್ಪಿಸುವ ಕೆಲಸವನ್ನು ಸದ್ಯ ಕೈಬಿಡಿ. ಮೊದಲು ಪ್ರತಿಯೊಬ್ಬರ ವಿಷಯವನ್ನೂ ಖಾಲಿ ಕೋಷ್ಟಕದವರೆಗೆ ಇಳಿಸಿ.

ನಾನು ಮಾಡಿಸುವುದು ಹೀಗೆ. ಐವರನ್ನೂ ಐದು ಮೂಲೆಗೆ ಕೂರಿಸಿ, ಬಾಯಿ ಮುಚ್ಚಿಸಿ, ಆಳಿಗೊಂದು ಹಾಳೆ ಕೊಡುತ್ತೇನೆ. ಗುಂಪಾಗಿ ಕೂತು ಯೋಚಿಸಿದರೆ ಹೆಚ್ಚು ಹೊಳೆಯುತ್ತದೆ ಎಂಬ ನಂಬಿಕೆ ಇದೆಯಲ್ಲ, ಅದನ್ನು 1958ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿ ನೋಡಿದರು. ನಾಲ್ವರು ಒಟ್ಟಿಗೆ ಕೂತು ಹೇಳಿದ್ದಕ್ಕಿಂತ, ನಾಲ್ವರು ಬೇರೆ ಬೇರೆ ಕೂತು ಬರೆದದ್ದನ್ನು ಒಟ್ಟುಗೂಡಿಸಿದಾಗ ಹೆಚ್ಚು ಆಲೋಚನೆಗಳು ಸಿಕ್ಕವು. ಒಬ್ಬ ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಾಗ ಹೊಳೆದದ್ದು ಮರೆತುಹೋಗುತ್ತದೆ. ಯಾವ ಭಾಷೆಯಲ್ಲಿ ಬೇಕಾದರೂ ಬರೆಯಲಿ. ನಿಮ್ಮ ಐದನೆಯ ಹುಡುಗಿಗೆ ಕನ್ನಡದಲ್ಲೇ ಬರೆ ಎಂದು ನೀವೇ ಹೇಳಿ, ಓದಲು ನೀವಿದ್ದೀರಿ.

ಬರೆದ ಪ್ರಶ್ನೆಗಳಲ್ಲಿ ಒಂದನ್ನು ಅವರೇ ಆರಿಸಿಕೊಳ್ಳಲಿ. ಅದರ ಕೆಳಗೆ ಕೋಷ್ಟಕದ ಗೆರೆ ಎಳೆಯಲಿ. ಅಂಕಣಗಳ ತಲೆಬರಹ ಬರೆಯಲಿ, ಒಳಗೆ ಖಾಲಿ ಇರಲಿ. ಬರುವ ಶನಿವಾರ ಬೆಳಗ್ಗೆ ಎಲ್ಲಿ ನಿಂತು ಮೊದಲ ಸಾಲನ್ನು ತುಂಬುತ್ತೀರಿ, ಅದನ್ನೂ ಬರೆಯಲಿ. ಗೆರೆ ಎಳೆಯಲು ಬಾರದಿದ್ದರೆ ಅದು ಇನ್ನೂ ವಿಷಯವೇ, ಪ್ರಶ್ನೆ ಆಗಿಲ್ಲ.

ರೈಲಿನದನ್ನೇ ತೆಗೆದುಕೊಳ್ಳಿ. 'ಲೋಕಲ್ ರೈಲಿನ ಸಮಸ್ಯೆಗಳು ಮತ್ತು ಪರಿಹಾರಗಳು' ಎಂದರೆ ಅಂಕಣ ಏನು? ಏನೂ ಇಲ್ಲ. ಅದನ್ನೇ ತುಸು ಉಜ್ಜಿ. ಮುಂಬಯಿಯಲ್ಲಿ ಮೊದಲ ಎಸಿ ಲೋಕಲ್ ಓಡಿದ್ದು ವೆಸ್ಟರ್ನ್ ಲೈನಿನಲ್ಲಿ, 2017ರ ಡಿಸೆಂಬರ್ 25ರಂದು. ಈಗ ನಿಮ್ಮ ಲೈನಿನಲ್ಲೂ ಇದೆ. ಅದರ ಬಾಗಿಲು ಮುಚ್ಚದೆ ಗಾಡಿ ಹೊರಡುವುದಿಲ್ಲ; ಸಾಮಾನ್ಯ ಲೋಕಲಿಗೆ ಆ ಕಟ್ಟುಪಾಡು ಇಲ್ಲ. ಹಾಗಾದರೆ ಬೆಳಗಿನ ಗದ್ದಲದಲ್ಲಿ ಡೊಂಬಿವಲಿಯಲ್ಲಿ ಎಸಿ ಲೋಕಲ್ ಸಾಮಾನ್ಯ ಲೋಕಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆಯೇ? ಅಂಕಣಗಳು: ಗಾಡಿಯ ವೇಳೆ, ಎಸಿಯೋ ಅಲ್ಲವೋ, ಫಾಸ್ಟೋ ಸ್ಲೋವೋ, ನಿಂತ ಸೆಕೆಂಡುಗಳು. ಕೈಗಡಿಯಾರ ಸಾಕು. ಉತ್ತರ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅದೇ ಅದರ ಸೊಗಸು.

ವಡಾಪಾವನ್ನೂ ತಳ್ಳಿಹಾಕಬೇಡಿ. ನಿಲ್ದಾಣದ ಬಾಗಿಲಿನಿಂದ ದೂರ ಹೋದಂತೆ ಬೆಲೆ ಇಳಿಯುತ್ತದೆಯೋ, ಬೆಲೆ ಅಷ್ಟೇ ಇದ್ದು ವಡೆ ದೊಡ್ಡದಾಗುತ್ತದೆಯೋ? ದೂರವನ್ನು ಹೆಜ್ಜೆಯಲ್ಲಿ ಅಳೆಯಬಹುದು, ವಡೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಬಹುದು. ನೀವು ಅರ್ಥಶಾಸ್ತ್ರದವರು, ಜಾಗದ ಬಾಡಿಗೆ ಮತ್ತು ಬೆಲೆಯ ಸಂಬಂಧ ನಿಮಗೆ ನಾನು ಹೇಳಬೇಕೇ. ಒಂದೇ ತೊಂದರೆ, ತೂಗಿದ ಮಾಲನ್ನು ಹುಡುಗರು ತಿಂದು ಮುಗಿಸುತ್ತಾರೆ.

ಫ್ಲೆಮಿಂಗೊ ಕೋಷ್ಟಕದ ಅಂಕಣಗಳು ಸುಂದರವಾಗಿ ಬರುತ್ತವೆ, ಸಾಲುಗಳು ಬರುವುದಿಲ್ಲ. ಥಾಣೆ ಖಾಡಿಗೆ 2022ರಲ್ಲಿ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮನ್ನಣೆ ಸಿಕ್ಕಿರಬಹುದು, ಆದರೆ ಹಕ್ಕಿಗಳು ದೊಡ್ಡ ಹಿಂಡಾಗಿ ಬರುವುದು ಮಳೆ ಮುಗಿದು ಚಳಿ ಬಂದ ಮೇಲೆ. ನಿಮ್ಮ ಗಡುವು ದೀಪಾವಳಿ. ಇದನ್ನು ಆ ಹುಡುಗಿಗೆ ಯಾರೂ ಹೇಳಬೇಕಾಗಿಲ್ಲ. 'ಬರುವ ಶನಿವಾರ' ಎಂದು ಬರೆಯುವಾಗ ಅವಳಿಗೇ ತಿಳಿಯುತ್ತದೆ. ಮಾನಸಿಕ ಆರೋಗ್ಯದ ಹುಡುಗನೂ 'ಮಾನಸಿಕ ಆರೋಗ್ಯ' ಎಂದು ಅಂಕಣ ಎಳೆದು ಒಳಗೆ ಏನು ಬರೆಯುವುದೆಂದು ತಿಳಿಯದೆ ಪೆನ್ನು ಕಚ್ಚುತ್ತಾನೆ. ಸಹಪಾಠಿಗಳ ಮನಸ್ಸನ್ನು ಕೆದಕುವ ಪ್ರಶ್ನಾವಳಿಯನ್ನು ಎರಡನೆಯ ವರ್ಷದವರ ಕೈಗೆ ಕೊಡುವುದೂ ನನಗೆ ಸರಿ ಕಾಣುವುದಿಲ್ಲ. ಯಾರಾದರೂ ನಿಜವಾದ ಸಂಕಟ ಬರೆದುಬಿಟ್ಟರೆ ಆ ಹುಡುಗ ಏನು ಮಾಡಬೇಕು?

ಪ್ರಶ್ನೆ ಸಣ್ಣದಾಯಿತು ಎಂದು ಮೂಗು ಮುರಿಯುವವರಿಗೆ ಮುಂಬಯಿ ಪರೇಲಿನ ಹಾಫ್‌ಕಿನ್ ಸಂಶೋಧನಾ ಸಂಸ್ಥೆಯ ಹಳೆಯ ಕಥೆ ಹೇಳಿ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಎಲ್ಲರ ಬಾಯಲ್ಲಿದ್ದದ್ದು ಒಂದೇ ದೊಡ್ಡ ಮಾತು, ಇದು ಹೇಗೆ ಹರಡುತ್ತದೆ? ಗಾಳಿಯೇ, ಮಣ್ಣೇ, ಅನ್ನವೇ? 1898ರಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋನ್ ಇಲಿಯ ಚಿಗಟದ ಕಡೆ ಬೆರಳು ತೋರಿಸಿದರು, ಬಹಳ ಜನ ನಂಬಲಿಲ್ಲ. 1905ರಲ್ಲಿ ಕೆಲಸ ಆರಂಭಿಸಿದ ಪ್ಲೇಗ್ ಆಯೋಗದವರು ಗಿನಿ ಇಲಿಗಳ ಪಂಜರಗಳನ್ನು ಒಂದೇ ಕೋಣೆಯಲ್ಲಿ ಬೇರೆ ಬೇರೆ ಎತ್ತರದಲ್ಲಿ ಇಟ್ಟರು. ನೆಲಕ್ಕೆ ಹತ್ತಿರವಿದ್ದವು ಸತ್ತವು, ಚಿಗಟ ಹಾರಿ ಮುಟ್ಟಲಾರದ ಎತ್ತರದಲ್ಲಿ ಇದ್ದವು ಉಳಿದವು. ಗಾಳಿ ಎರಡಕ್ಕೂ ಒಂದೇ. ಊರನ್ನೇ ನಡುಗಿಸಿದ ಪ್ರಶ್ನೆ ಕೊನೆಗೆ ಪಂಜರ ಎಷ್ಟು ಎತ್ತರದಲ್ಲಿದೆ ಎಂಬ ಅಂಕಣಕ್ಕೆ ಇಳಿಯಿತು.

ಇನ್ನು ಒಪ್ಪಿಸುವ ಉಪಾಯ. ಕೋಷ್ಟಕಗಳು ಸಿದ್ಧವಾದ ಮೇಲೆ ಪ್ರತಿಯೊಬ್ಬರೂ ತಮ್ಮ ಹಾಳೆಯನ್ನು ಬಲಗಡೆಯವರಿಗೆ ಕೊಡಲಿ. ಪಡೆದವರು ಅದನ್ನು ತಿದ್ದಬೇಕು, ತಂಡದ ಮುಂದೆ ಅವರೇ ಮಂಡಿಸಬೇಕು. ಬರೆದವರು ಬಾಯಿ ತೆರೆಯುವಂತಿಲ್ಲ. ವಡಾಪಾವ್ ಹುಡುಗ ರೈಲಿನ ಕೋಷ್ಟಕ ಮಂಡಿಸುವಾಗ ಅದರಲ್ಲಿ ಅವನ ಕೈಬರಹವೂ ಸೇರಿರುತ್ತದೆ. ಆಮೇಲೆ 'ಯಾರದು ಚೆನ್ನಾಗಿದೆ' ಎಂದು ಕೇಳಬೇಡಿ. 'ಈ ಶನಿವಾರ ಯಾವುದನ್ನು ತುಂಬಲು ಹೋಗುತ್ತೀರಿ' ಎಂದು ಕೇಳಿ. ಚರ್ಚೆ ಆಗುತ್ತದೆ, ಆದರೆ ಬೇರೆ ಬಗೆಯ ಚರ್ಚೆ ಆಗುತ್ತದೆ.

ಘಾಟ್ಕೋಪರ್ ಲೆಕ್ಕಿಗ:

ಕಾಕು ಅವರ ಮಾತು ಒಪ್ಪಿದೆ. ಮೇಷ್ಟ್ರು ಹೇಳಿದ ಮತದಾನದ ಬಗ್ಗೆ ಮಾತ್ರ ಒಂದೆರಡು ಮಾತು. ಬ್ಯಾಂಕಿನಲ್ಲಿ ಲೆಕ್ಕ ನೋಡಿ ಕೂದಲು ಹಣ್ಣಾದವನ ಚಪಲ ಎಂದುಕೊಳ್ಳಿ.

ಐವರು, ಮೂರು ಪ್ರಶ್ನೆ: ರೈಲು, ವಡಾಪಾವ್, ಫ್ಲೆಮಿಂಗೊ. ಇಬ್ಬರಿಗೆ ರೈಲು ಮೊದಲು, ವಡಾಪಾವ್ ಎರಡನೆಯದು, ಫ್ಲೆಮಿಂಗೊ ಕೊನೆ. ಇನ್ನಿಬ್ಬರಿಗೆ ವಡಾಪಾವ್ ಮೊದಲು, ಫ್ಲೆಮಿಂಗೊ ಎರಡನೆಯದು, ರೈಲು ಕೊನೆ. ಉಳಿದ ಒಬ್ಬರಿಗೆ ಫ್ಲೆಮಿಂಗೊ, ಆಮೇಲೆ ರೈಲು, ಆಮೇಲೆ ವಡಾಪಾವ್. ಈಗ ಎರಡೆರಡನ್ನೇ ಎದುರುಬದುರು ನಿಲ್ಲಿಸಿ ಮತ ಕೇಳಿ. ರೈಲಿಗೂ ವಡಾಪಾವಿಗೂ ಸ್ಪರ್ಧೆ ಇಟ್ಟರೆ ಮೂರಕ್ಕೆ ಎರಡರಿಂದ ರೈಲು ಗೆಲ್ಲುತ್ತದೆ. ವಡಾಪಾವ್ ಮತ್ತು ಫ್ಲೆಮಿಂಗೊ ನಡುವೆ ನಾಲ್ಕಕ್ಕೆ ಒಂದರಿಂದ ವಡಾಪಾವ್. ಸರಿ, ಹಾಗಾದರೆ ರೈಲು ಫ್ಲೆಮಿಂಗೊವನ್ನೂ ಸೋಲಿಸಬೇಕಲ್ಲ? ಇಲ್ಲ! ಮೂರಕ್ಕೆ ಎರಡರಿಂದ ಫ್ಲೆಮಿಂಗೊ ಗೆಲ್ಲುತ್ತದೆ. ಕಾಗದ ಪೆನ್ಸಿಲು ಹಿಡಿದು ನೋಡಿ, ಸುತ್ತು ಸುತ್ತುತ್ತಲೇ ಇರುತ್ತದೆ. ಯಾವುದನ್ನು ಕೊನೆಯ ಸುತ್ತಿಗೆ ಉಳಿಸಿಕೊಂಡು ಹೊಸದಾಗಿ ಕಣಕ್ಕೆ ಇಳಿಸುತ್ತೀರೋ ಅದೇ ಗೆಲ್ಲುತ್ತದೆ. ಅಂದರೆ ತೀರ್ಮಾನ ಮಾಡುವವನು ಮತದಾರ ಅಲ್ಲ, ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕರೆಯಬೇಕೆಂದು ಹೇಳುವವನು. ನಿಮ್ಮ ಸ್ವಯಂನೇಮಿತ ಮುಂದಾಳುವಿನ ಕೈಗೆ ಆ ಅಧಿಕಾರ ಹೋಗದಂತೆ ನೋಡಿಕೊಳ್ಳಿ. ಇದನ್ನು ಫ್ರಾನ್ಸಿನ ಗಣಿತಜ್ಞ ಕೊಂಡೋರ್ಸೆ 1785ರಲ್ಲೇ ತೋರಿಸಿಕೊಟ್ಟಿದ್ದಾನೆ.

ಹಾಗಾಗಿ ನಾನು ಕೈ ಎತ್ತಿಸುವುದರ ಬದಲು 'ಯಾವುದಕ್ಕೆ ನಿನ್ನ ಶನಿವಾರ ಕೊಡಲು ಸಾಧ್ಯವೇ ಇಲ್ಲ' ಎಂದು ಒಬ್ಬೊಬ್ಬರಿಂದ ಚೀಟಿಯಲ್ಲಿ ಬರೆಸುತ್ತೇನೆ, ಕಾರಣ ಸಮೇತ. ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಗೋಡೆಯ ಬಣ್ಣ ಆರಿಸುವುದೂ ಇದೇ ರೀತಿ. ಎಲ್ಲರಿಗೂ ಇಷ್ಟವಾದ ಬಣ್ಣ ಇಂದಿಗೂ ಸಿಕ್ಕಿಲ್ಲ. ಯಾರೂ ಕೋರ್ಟಿಗೆ ಹೋಗದ ಬಣ್ಣ ಸಿಕ್ಕಿದೆ.

ಕೌದಿ ಶೀರ್ಷಿಕೆಗೂ ಒಂದು ಹೆಸರಿದೆ, ಅಬಿಲೀನ್ ವಿರೋಧಾಭಾಸ ಎಂದು. 1974ರಲ್ಲಿ ಜೆರಿ ಹಾರ್ವೆ ಎಂಬ ಅಮೆರಿಕದ ಪ್ರಾಧ್ಯಾಪಕರು ಬರೆದದ್ದು. ಬಿಸಿಲಲ್ಲಿ ಒಂದು ಕುಟುಂಬ ದೂರದ ಅಬಿಲೀನ್ ಎಂಬ ಊರಿಗೆ ಊಟಕ್ಕೆ ಹೋಗಿ ಬೆವೆತು ಬರುತ್ತದೆ. ಬಂದ ಮೇಲೆ ನೋಡಿದರೆ ಯಾರಿಗೂ ಹೋಗುವ ಮನಸ್ಸೇ ಇರಲಿಲ್ಲ, ಉಳಿದವರಿಗೆ ಇದೆ ಎಂದುಕೊಂಡು ಹೊರಟಿದ್ದರು.

ವಾಸ್ಕೊ ವಾಸಿ:

ನಾನು ಗೋವೆಯಲ್ಲಿ ಹೈಯರ್ ಸೆಕೆಂಡರಿ ಮಕ್ಕಳಿಗೆ ಭೂಗೋಳ ಕಲಿಸುತ್ತೇನೆ. ಕಾಕು, ನಿಮ್ಮ ಕೋಷ್ಟಕದ ಬಗ್ಗೆ ನನ್ನದೊಂದು ತಕರಾರಿದೆ, ಬೇಸರ ಮಾಡಿಕೊಳ್ಳಬೇಡಿ. ಜಾಗ ನೋಡದೆ ಕೋಣೆಯಲ್ಲಿ ಕೂತು ಗೆರೆ ಎಳೆದರೆ ಮಕ್ಕಳು ಸುಲಭವಾಗಿ ಎಣಿಸಬಹುದಾದದ್ದನ್ನೇ ಎಣಿಸುತ್ತಾರೆ. ಮುಖ್ಯವಾದದ್ದು ಕಣ್ಣಿಗೇ ಬೀಳುವುದಿಲ್ಲ.

ಇಲ್ಲಿಯ ಖಜಾನ್ ಭೂಮಿಯ ಉದಾಹರಣೆ ಕೊಡುತ್ತೇನೆ. ನದಿಯ ಉಬ್ಬರದ ನೀರು ನುಗ್ಗುವ ತಗ್ಗು ನೆಲಕ್ಕೆ ಮಣ್ಣಿನ ಏರಿ ಕಟ್ಟಿ, ಒಳಗೆ ಕೊರ್ಗುಟ್ ಎಂಬ ಉಪ್ಪು ತಾಳುವ ಭತ್ತ ಬೆಳೆಯುತ್ತಾರೆ. ಏರಿಯಲ್ಲಿ ಮಾನಸ್ ಎಂಬ ತೂಬು ಇರುತ್ತದೆ. ಉಬ್ಬರ ಬಂದಾಗ ಹೊರಗಿನ ನೀರಿನ ಒತ್ತಡಕ್ಕೆ ಅದರ ಮರದ ಕದ ತಾನೇ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ಒಳಗಿನ ನೀರಿನ ಒತ್ತಡಕ್ಕೆ ತೆರೆದುಕೊಳ್ಳುತ್ತದೆ. ನನ್ನ ಒಂದು ತಂಡ 'ಖಜಾನ್ ಭೂಮಿ ಏಕೆ ಹಾಳಾಗುತ್ತಿದೆ' ಎಂದು ಬರೆದುಕೊಂಡು ಬಂದಿತ್ತು. ಇಬ್ಬರು ರಸ್ತೆ ಕಾಮಗಾರಿ ಕಾರಣ ಎಂದರು, ಇಬ್ಬರು ಯುವಕರು ಬೇಸಾಯ ಬಿಟ್ಟದ್ದು ಕಾರಣ ಎಂದರು. ತರಗತಿಯಲ್ಲಿ ಜಗಳ ಬಗೆಹರಿಯಲಿಲ್ಲ. ಕರೆದುಕೊಂಡು ಹೋಗಿ ತೂಬಿನ ಮೇಲೆ ನಿಲ್ಲಿಸಿದೆ. ಅಲ್ಲಿ ಮೀನಿಗೆ ಬಲೆ ಕಟ್ಟುತ್ತಿದ್ದವರು ಕದದ ಒಂದು ಹಲಗೆ ಕೊಳೆತು ಸಂದು ಬಿಟ್ಟಿರುವುದನ್ನು ತೋರಿಸಿದರು. ತೂಬಿನ ಬಳಿ ಮೀನು ಹಿಡಿಯುವ ಹಕ್ಕನ್ನು ಇಲ್ಲಿ ಹರಾಜು ಹಾಕುತ್ತಾರೆ. ಮೀನಿನವರಿಗೆ ನೀರು ಒಳಗೆ ಬಂದಷ್ಟೂ ಲಾಭ, ಭತ್ತದವರಿಗೆ ಅದೇ ನಷ್ಟ. ಇದು ಯಾವ ಪಠ್ಯದಲ್ಲೂ ಮಕ್ಕಳಿಗೆ ಸಿಕ್ಕಿರಲಿಲ್ಲ. ಪ್ರಶ್ನೆ ಅಲ್ಲೇ ಬದಲಾಯಿತು: ಸಂದು ಬಿಟ್ಟ ತೂಬಿನ ಒಳಗೂ ಗಟ್ಟಿ ತೂಬಿನ ಒಳಗೂ ನೀರಿನ ಉಪ್ಪಿನಲ್ಲಿ ಎಷ್ಟು ವ್ಯತ್ಯಾಸ? ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಒಂದಿದ್ದರೆ ಸಾಕಾಯಿತು. ರಸ್ತೆಯವರು, ಬೇಸಾಯದವರು ಎಂಬ ಪಕ್ಷಗಳೇ ಉಳಿಯಲಿಲ್ಲ.

ಆದ್ದರಿಂದ ಮೊದಲು ಕಾಲು, ಆಮೇಲೆ ಕೋಷ್ಟಕ. ಅಂದಹಾಗೆ 1896ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗನ್ನು ಮೊದಲು ಗುರುತಿಸಿದ ಡಾಕ್ಟರ್ ಅಕಾಸಿಯೊ ವಿಯೆಗಾಸ್ ನಮ್ಮ ಗೋವೆಯ ಅರ್ಪೋರಾದವರು. ಪರೇಲಿನ ಪಂಜರಕ್ಕಿಂತ ಒಂಬತ್ತು ವರ್ಷ ಮುಂಚೆ ಅವರು ರೋಗಿಯ ಪಕ್ಕದಲ್ಲಿ ಇದ್ದರು.

ಹಾರ್ಬರ್ ಲೈನ್:

ನಾನು ಇಂಥದ್ದೇ ಪ್ರಾಜೆಕ್ಟ್ ಮುಗಿಸಿ ಈಗ ಎಂಎ ಓದುತ್ತಿರುವವಳು, ಬೇರೆ ಕಾಲೇಜಿನಲ್ಲಿ. ಹಿರಿಯರ ಮಾತಿನ ನಡುವೆ ಬಾಯಿ ಹಾಕುತ್ತಿದ್ದೇನೆ. ಮುಂದಾಳು ಹುಡುಗನನ್ನು ಎಲ್ಲರೂ ಸೇರಿ ಬೈಯುತ್ತಿದ್ದೀರಿ. ಅವನು ಹಳೆಯ ವರದಿ ಇಟ್ಟುಕೊಂಡಿರುವುದು ಸೋಮಾರಿತನಕ್ಕೆ ಮಾತ್ರ ಅಲ್ಲ. ನಮ್ಮಲ್ಲಿ ಪುಟ ಎಷ್ಟಿದೆ, ಬೈಂಡಿಂಗ್ ಹೇಗಿದೆ, ಕೊನೆಯಲ್ಲಿ ಸಲಹೆಗಳು ಹತ್ತು ಇವೆಯೋ ಇಲ್ಲವೋ ಎಂದು ನೋಡಿ ಅಂಕ ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. 'ವ್ಯತ್ಯಾಸ ಕಂಡುಬರಲಿಲ್ಲ' ಎಂದು ಪ್ರಾಮಾಣಿಕವಾಗಿ ಬರೆದ ತಂಡಕ್ಕೆ 'ಹಾಗಾದರೆ ಇಷ್ಟು ದಿನ ಮಾಡಿದ್ದೇನು' ಎಂದು ಕೇಳಿದ್ದರು. ಹಾಗಿರುವಾಗ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಯಾರು ಮುಟ್ಟುತ್ತಾರೆ? ಎಸಿ ಲೋಕಲ್ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂದು ಬಂದರೂ ಪೂರ್ತಿ ಅಂಕ ಸಿಗುತ್ತದೆ ಎಂದು ಸರ್ ಮೊದಲೇ ಬರೆದು ಕೊಡಲಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನೊಂದು. ಆ ಐದನೆಯ ಹುಡುಗಿಯನ್ನು ಎಲ್ಲರ ಎದುರು 'ನೀನೂ ಮಾತಾಡಮ್ಮ' ಎಂದು ಎಬ್ಬಿಸಿ ನಿಲ್ಲಿಸಬೇಡಿ. ಹಾಳೆ ಕೊಟ್ಟು ಸುಮ್ಮನಿರಿ. ಮತ್ತು ದಯವಿಟ್ಟು ಎಕ್ಸೆಲ್ ತುಂಬುವ ಕೆಲಸ ಪೂರ್ತಿ ಅವಳ ತಲೆಗೆ ಬೀಳದಂತೆ ನೋಡಿ. ಮಾತಾಡದವರ ಪಾಲಿಗೆ ಅದೇ ಬರುತ್ತದೆ.

ಡೊಂಬಿವಲಿ ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. ಕಾಕು ಹೇಳಿದಂತೆ ಹಾಳೆ ಕೊಟ್ಟು ಮೂಲೆಗೆ ಕೂರಿಸಿದೆ. ಅದಕ್ಕೂ ಮುಂಚೆ ವಾಸ್ಕೊ ಮೇಡಂ ಮಾತಿನಂತೆ ಐವರನ್ನೂ ನಿಲ್ದಾಣದ ಸುತ್ತ ಒಂದು ಸುತ್ತು ಹಾಕಿಬರಲು ಕಳುಹಿಸಿದ್ದೆ. ಅಂಕದ ವಿಷಯವನ್ನೂ ಬರೆದು ಸಹಿ ಮಾಡಿ ಕೊಟ್ಟೆ. ಮುಂದಾಳು ಅದರ ಫೋಟೊ ತೆಗೆದಿಟ್ಟುಕೊಂಡ. ಜಾಣ.

ಕೌದಿ ಹೋಯಿತು. ಫ್ಲೆಮಿಂಗೊ ಹುಡುಗಿ ತಾನೇ ಹಾಳೆ ಮಡಚಿಟ್ಟು "ಮುಂದಿನ ಸೆಮಿಸ್ಟರಿಗೆ ಸರ್" ಎಂದಳು. ವಡಾಪಾವ್ ಕೋಷ್ಟಕವನ್ನು ಮಂಡಿಸಿದವನು ಮುಂದಾಳುವೇ, ಚೆನ್ನಾಗಿ ಮಂಡಿಸಿದ. ಆದರೆ ಮಳೆಯಲ್ಲಿ ಅರ್ಧ ಗಾಡಿಗಳು ಇರುವುದಿಲ್ಲ ಎಂದು ಸುತ್ತು ಹಾಕಿಬಂದವರೇ ಹೇಳಿದರು. ನಾನು ಎಣಿಸಿರದ ಹಾಳೆ ಐದನೆಯ ಹುಡುಗಿಯದು. ಕನ್ನಡದಲ್ಲಿ, ಸ್ಕೇಲಿಟ್ಟು ಗೆರೆ ಎಳೆದು ಬರೆದಿದ್ದಳು: ಮಹಿಳೆಯರ ಡಬ್ಬಿಯಲ್ಲಿ ಕಿವಿಯೋಲೆ, ಕ್ಲಿಪ್ಪು, ಸೇಫ್ಟಿ ಪಿನ್ ಮಾರುವವರು ಯಾವ ನಿಲ್ದಾಣದಲ್ಲಿ ಹತ್ತಿ ಯಾವ ನಿಲ್ದಾಣದಲ್ಲಿ ಇಳಿಯುತ್ತಾರೆ, ಗದ್ದಲದ ಹೊತ್ತಿನಲ್ಲಿ ಆ ಅಂತರ ಕಡಿಮೆಯಾಗುತ್ತದೆಯೇ? ಐರೋಲಿಯವಳು ಅದನ್ನು ಓದಿಸಿಕೊಂಡು ಹಿಂದಿಯಲ್ಲಿ ಮಂಡಿಸಿದಳು. ತಂಡ ಸ್ವಲ್ಪ ಹೊತ್ತು ಅದರ ಕಡೆಗೇ ವಾಲಿತು.

ಎರಡು ಅಡ್ಡಿಗಳು ಬಂದವು. ಮೂವರು ಹುಡುಗರು ಆ ಡಬ್ಬಿಗೆ ಕಾಲಿಡುವಂತಿಲ್ಲ, ಕೆಲಸವೆಲ್ಲ ಇಬ್ಬರು ಹುಡುಗಿಯರ ಮೇಲೆ ಬೀಳುತ್ತದೆ. ಇನ್ನೊಂದು, ಪರವಾನಗಿ ಇಲ್ಲದೆ ರೈಲಿನಲ್ಲಿ ಮಾರುವುದು 1989ರ ರೈಲ್ವೆ ಕಾಯ್ದೆಯ 144ನೆಯ ಕಲಮಿನ ಪ್ರಕಾರ ಅಪರಾಧ. ಯಾರು ಎಲ್ಲಿ ಹತ್ತುತ್ತಾರೆ ಎಂದು ನಮ್ಮ ಹುಡುಗಿಯರು ಬರೆದಿಟ್ಟ ಕಾಗದ ಯಾರ ಕೈಗೆ ಹೋದೀತು ಎಂಬ ಭಯವನ್ನು ಅವಳೇ ಹೇಳಿದಳು. ಕೊನೆಗೆ ಎಸಿ ಲೋಕಲ್ ಉಳಿಯಿತು. ಲೆಕ್ಕಿಗರು ಹೇಳಿದ ಚೀಟಿ ಹಾಕಿಸಿದೆ; 'ಸಾಧ್ಯವೇ ಇಲ್ಲ' ಎಂದು ಅದಕ್ಕೆ ಯಾರೂ ಬರೆದಿಲ್ಲ. ಆ ಹುಡುಗಿಯ ಹಾಳೆ ನನ್ನ ಮೇಜಿನಲ್ಲಿದೆ. ಅವಳ ಕೋಷ್ಟಕ ಐದರಲ್ಲೂ ಉತ್ತಮ ಎಂದು ನನಗೆ ಅನಿಸುತ್ತದೆ, ಆಯ್ಕೆಯಾಗಲಿಲ್ಲ ಎಂಬ ಕೊರಗು ನನಗಿದೆ, ಅವಳಿಗಿದ್ದಂತೆ ಕಾಣಲಿಲ್ಲ.

ಕಾಕು, ಈಗ ಹೊಸ ಜಗಳ. ಬದ್ಲಾಪುರದವನು ಗಾಡಿ ನಿಂತ ಕ್ಷಣದಿಂದ ಎಣಿಸಬೇಕು ಎನ್ನುತ್ತಾನೆ. ವಡಾಪಾವ್ ಹುಡುಗ ಬಾಗಿಲು ತೆರೆದ ಕ್ಷಣದಿಂದ ಎನ್ನುತ್ತಾನೆ. ನಿಲ್ದಾಣದಲ್ಲಿ ನಿಲ್ಲಲು ಅನುಮತಿ ಬೇಕೇ ಎಂಬುದೂ ಗೊಂದಲ.

ಕೊತ್ರೂಡ್ ಕಾಕು:

ವಾಸ್ಕೊ ತಂಗಿಯ ತಕರಾರು ನ್ಯಾಯವಾದದ್ದು. ಸುತ್ತು ಹಾಕಿ ಬಂದ ಮೇಲೆ ಗೆರೆ ಎಳೆಸಿದ್ದು ಒಳ್ಳೆಯದೇ ಆಯಿತು.

ಹೊಸ ಜಗಳ ಕೇಳಿ ಖುಷಿಯಾಯಿತು, ಇದು ಜಗಳವಾಡಲು ಯೋಗ್ಯವಾದ ಸಂಗತಿ. ಸಾಮಾನ್ಯ ಲೋಕಲಿನ ಬಾಗಿಲು ಯಾವಾಗಲೂ ತೆರೆದೇ ಇರುವುದರಿಂದ ಬಾಗಿಲಿನಿಂದ ಎಣಿಸಿದರೆ ಎರಡನ್ನೂ ಹೋಲಿಸಲು ಬರುವುದಿಲ್ಲ. ಗಾಲಿ ನಿಂತಲ್ಲಿಂದ ಗಾಲಿ ಮತ್ತೆ ಹೊರಳುವವರೆಗೆ ಎಣಿಸಲಿ, ಎರಡು ಬಗೆಯ ಗಾಡಿಗೂ ಅದೇ ಅಳತೆ. ಎಸಿ ಗಾಡಿಗೆ ಮಾತ್ರ ಇನ್ನೆರಡು ಅಂಕಣ ಇರಲಿ: ಬಾಗಿಲು ತೆರೆದ ಕ್ಷಣ, ಪೂರ್ತಿ ಮುಚ್ಚಿದ ಕ್ಷಣ. ಹೆಚ್ಚು ಹೊತ್ತು ನಿಂತರೆ ಅದು ಬಾಗಿಲಿನಿಂದಲೋ ಜನರಿಂದಲೋ ಎಂದು ಆಗ ತಿಳಿಯುತ್ತದೆ. ಫಾಸ್ಟ್ ಗಾಡಿಯನ್ನು ಫಾಸ್ಟಿಗೆ, ಸ್ಲೋ ಗಾಡಿಯನ್ನು ಸ್ಲೋಗೆ ಮಾತ್ರ ಹೋಲಿಸಲಿ. ಜೋರು ಮಳೆಗೆ ಗಾಡಿಗಳು ತಡವಾದ ದಿನ ಎಣಿಸಿದ್ದನ್ನು ಬೇರೆ ಹಾಳೆಯಲ್ಲಿ ಇಡಲಿ, ಎಸೆಯುವುದು ಬೇಡ.

ಒಂದೇ ಗಾಡಿಯನ್ನು ಇಬ್ಬರು ಬೇರೆ ಬೇರೆ ನಿಂತು ಎಣಿಸಲಿ, ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡುವಂತಿಲ್ಲ. ಇಬ್ಬರ ಲೆಕ್ಕ ಸೆಕೆಂಡಿನ ಆಚೀಚೆಯಲ್ಲಿ ಹೊಂದಿದರೆ ಮುಂದುವರಿಯಿರಿ. ಹೊಂದದಿದ್ದರೆ ಪ್ಲಾಟ್‌ಫಾರ್ಮಿನಲ್ಲಿ ಎಲ್ಲಿ ನಿಂತಿದ್ದರು ಎಂದು ನೋಡಿ. ಗಾಡಿಯ ನಡುಭಾಗದ ಎದುರು ನಿಂತವನಿಗೂ ಕೊನೆಯಲ್ಲಿ ನಿಂತವನಿಗೂ ಗಾಲಿ ಕಾಣುವುದರಲ್ಲಿ ಬಹಳ ವ್ಯತ್ಯಾಸ ಇರುತ್ತದೆ.

ಅನುಮತಿಗೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಸ್ಟೇಷನ್ ಮಾಸ್ತರರಿಗೆ ಪತ್ರ ಬರೆದು ಒಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಪಾಸ್ ಎಲ್ಲರ ಜೇಬಿನಲ್ಲಿ ಇರಲಿ. ಮೊಬೈಲ್ ಕ್ಯಾಮೆರಾ ಹೊರಗೆ ಬರಬಾರದು, ಹಳದಿ ಗೆರೆಯ ಒಳಗೇ ನಿಲ್ಲಬೇಕು. ಮುಂದಾಳುವಿಗೆ ಮೊಹರಿನ ಕಾಗದ ಕಾಯುವ ಕೆಲಸ ಕೊಡಿ, ಅವನಿಗೆ ಒಗ್ಗುತ್ತದೆ.